ಪೈಪ್ ತಂಬಾಕಿನ ‘ಕೇಸಿಂಗ್’ಗೆ ಕನ್ನಡದಲ್ಲಿ ಏನನ್ನಬಹುದು?

ಗೆಳೆಯರೆ,

ಪೈಪ್ ತಂಬಾಕಿಗೆ ರಮ್, ವಿಸ್ಕಿಯ ಘಮ ಹಿಡಿಸುವ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೇಸಿಂಗ್, ಟಾಪಿಂಗ್ ಎಂಬ ಎರಡು ಮಾತುಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಕೇಸಿಂಗ್ ಮೊದಲ ಹಂತದ ಕೆಲಸ. ಸಕ್ಕರೆ ಅಥವಾ ಕಾಕಂಬಿ, ಅತಿಮಧುರ, ಕೋಕೋ ಇಂಥವನ್ನು ನೀರಿನಲ್ಲಿ ಕರಗಿಸಿ ಎಲೆಗೆ ಕುಡಿಸುತ್ತಾರೆ. ಬರ್ಲಿ ಎಂಬ ಬಗೆಯ ಎಲೆಯಲ್ಲಿ ಸಿಹಿ ತೀರಾ ಕಡಿಮೆ. ಅದಕ್ಕೆ ಇದು ಜಾಸ್ತಿ ಬೇಕು, ಅದು ಹೀರುವುದೂ ಚೆನ್ನಾಗಿಯೇ. ಆಮೇಲೆ ಬಿಸಿ ಮಾಡುವುದು, ಹೆಚ್ಚುವುದು, ಒಣಗಿಸುವುದು. ಇವೆಲ್ಲ ಮುಗಿದ ಮೇಲೆ ರಮ್ಮನ್ನೋ ವಿಸ್ಕಿಯನ್ನೋ ಸಣ್ಣ ಹನಿಯಾಗಿ ಚಿಮುಕಿಸುತ್ತಾರೆ. ಅದು ಟಾಪಿಂಗ್. ಮೊದಲೇ ಹಾಕಿದರೆ ಬಿಸಿಗೆ ಘಮ ಹಾರಿಹೋಗುತ್ತದೆ.

ಮೊದಲ ಕರಡಿನಲ್ಲಿ ಕೇಸಿಂಗ್‌ಗೆ ‘ಹೊದಿಕೆ’ ಎಂದು ಬರೆದಿದ್ದೆ. ತಪ್ಪು. ತಂಬಾಕಿನವರ ಇಂಗ್ಲಿಷ್‌ನಲ್ಲಿ ಎಲೆ ‘ಇನ್ ಕೇಸ್’ ಇದೆ ಎಂದರೆ ಪೆಟ್ಟಿಗೆಯಲ್ಲಿದೆ ಎಂದಲ್ಲ. ಪುಡಿಯಾಗದೆ ಬಗ್ಗುವಷ್ಟು ತೇವ ಅದರಲ್ಲಿದೆ ಎಂದು.

ಇದು ನನಗೆ ಹೊಳೆದದ್ದು ಪಿರಿಯಾಪಟ್ಟಣದ ಕಡೆ ನಮ್ಮ ಮಾವನವರ ಊರಿನಲ್ಲಿ. ಬ್ಯಾರನ್ನಿನಲ್ಲಿ, ಅಂದರೆ ತಂಬಾಕಿನ ಎಲೆಯನ್ನು ಬಿಸಿಗಾಳಿಯಲ್ಲಿ ಹದಮಾಡುವ ಮನೆಯಲ್ಲಿ, ಬೇಯಿಸಿದ ಸೊಪ್ಪು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ತೇವದ ಗಾಳಿ ಒಳಗೆ ಬರಲೆಂದು ರಾತ್ರಿ ಬಾಗಿಲು ತೆರೆದಿಟ್ಟರು. ಬೆಳಿಗ್ಗೆ ಮಾವ ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. ಎಲೆ ಮುರಿಯದೆ ಮೆಲ್ಲಗೆ ಬಿಚ್ಚಿಕೊಂಡಿತು. “ಹದ ಬಂದದೆ, ಇಳಿಸ್ರಪ್ಪ” ಎಂದರು. ಆ ‘ಕೇಸ್’ ನಮ್ಮ ‘ಹದ’ವೇ ಅಲ್ವಾ?

ಆದರೆ ಸಿಹಿ ರಸ ಕುಡಿಸುವ ಕೆಲಸಕ್ಕೆ ‘ಹದ’ ಒಂದೇ ಸಾಲದು. ಆಯುರ್ವೇದದಲ್ಲಿ ಚೂರ್ಣಕ್ಕೆ ಸೊಪ್ಪಿನ ರಸ ಹಾಕಿ ಅರೆದು, ಒಣಗಿಸಿ, ಮತ್ತೆ ಅರೆಯುವುದಕ್ಕೆ ‘ಭಾವನೆ ಕೊಡುವುದು’ ಎನ್ನುತ್ತಾರೆ. ಎಷ್ಟು ಹತ್ತಿರದ ಮಾತು! ಆದರೆ ‘ತಂಬಾಕಿಗೆ ಭಾವನೆ ಕೊಟ್ಟರು’ ಎಂದರೆ ಓದುವವರಿಗೆ ಬೇರೇನೋ ಅನಿಸುತ್ತದೆ. ‘ಪಾಕ ಹಿಡಿಸುವುದು’ ಎಂದರೆ ಜಾಮೂನು ಕಣ್ಣಿಗೆ ಬರುತ್ತದೆ, ಇಲ್ಲಿಯ ರಸ ಅಷ್ಟು ಮಂದ ಇರುವುದಿಲ್ಲ. ನನಗೆ ಹಿಡಿಸಿದ್ದು ‘ರಸ ಊಡುವುದು’. ಮಗುವಿಗೆ ಹಾಲೂಡುತ್ತೇವಲ್ಲ, ಅದೇ ಊಡು. ಎಲೆ ಒಳಗೆ ತೆಗೆದುಕೊಳ್ಳುತ್ತದೆ ಎನ್ನುವುದು ಅದರಲ್ಲೇ ಇದೆ.

ಟಾಪಿಂಗ್‌ಗೆ ‘ಒಗ್ಗರಣೆ’ ಎಂದರು ಒಬ್ಬ ಗೆಳತಿ. ಕೊನೆಗೆ ಹಾಕುವುದು, ಘಮಕ್ಕಾಗಿಯೇ ಹಾಕುವುದು, ಎರಡೂ ಸರಿಯೇ. ಆದರೆ ಒಗ್ಗರಣೆ ಎಂದರೆ ಕಾದ ಎಣ್ಣೆಯ ಚಟಪಟ ಕೇಳಿಸಬೇಕು. ಇಲ್ಲಿ ಬಿಸಿ ಸೋಕಲೇಬಾರದು. ‘ಘಮ ಚಿಮುಕಿಸುವುದು’ ಸಾಕು ಅನಿಸುತ್ತದೆ.

ಇನ್ನೊಂದು ತೊಡಕು, ರಮ್, ವಿಸ್ಕಿ, ಬ್ರಾಂಡಿ ಎಲ್ಲಕ್ಕೂ ಸೇರಿ ಒಂದು ಮಾತು. ‘ಸ್ಪಿರಿಟ್’ ಎಂದರೆ ಇಂಜೆಕ್ಷನ್ನಿಗೆ ಮುಂಚೆ ಹಚ್ಚುವ ಸ್ಪಿರಿಟ್ಟೇ ನೆನಪಾಗುತ್ತದೆ. ‘ಸಾರಾಯಿ’ ಎಂದರೆ ಕರ್ನಾಟಕದಲ್ಲಿ 2007ರಲ್ಲಿ ನಿಂತುಹೋದ ಪ್ಯಾಕೆಟ್ಟು. ‘ಮದ್ಯ’ ಎಂದರೆ ಬಿಯರ್, ವೈನ್ ಕೂಡ ಸೇರುತ್ತವೆ. ಸದ್ಯಕ್ಕೆ ‘ಭಟ್ಟಿ ಇಳಿಸಿದ ಮದ್ಯ’ ಎಂದು ಉದ್ದವಾಗಿಯೇ ಬರೆದಿದ್ದೇನೆ.

ಹುಣಸೂರು, ನಿಪ್ಪಾಣಿ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಒಣಗಿದ ಸೊಪ್ಪಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ಹುಕ್ಕಾ ತಂಬಾಕಿಗೆ ಬೆಲ್ಲ ಕಲಸುವುದಕ್ಕೆ ಬೇರೆ ಮಾತಿದೆಯಾ?