ಅಜ್ಜಿಯ ವಿಡಿಯೋಗೆ ಯಾವ ಎಡಿಟಿಂಗ್ ಸಾಫ್ಟ್‌ವೇರ್ ಹಾಕಲಿ?

ಪ್ರಶ್ನೆ (ಶಿಡ್ಲಘಟ್ಟದಿಂದ): ನಮಸ್ಕಾರ ಸರ್. ನಮ್ಮಜ್ಜಿಗೆ ಎಂಬತ್ತು ತುಂಬುತ್ತಿದೆ. ಜೀವನವೆಲ್ಲ ರೇಷ್ಮೆ ಹುಳ ಸಾಕಿದವರು. ಅವರ ಮೇಲೊಂದು ಇಪ್ಪತ್ತು ನಿಮಿಷದ ವಿಡಿಯೋ ಮಾಡಬೇಕು. ನನ್ನ ಹತ್ತಿರ ಅತ್ತೆಯ ಮದುವೆಯ 2004ರ ಡಿವಿಡಿ ಇದೆ. ಅಜ್ಜಿ ಹಣ್ಣಾದ ಹುಳವನ್ನು ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟಿ) ಬಿಡುವುದನ್ನು ಚಿಕ್ಕಪ್ಪ ಕ್ಯಾಮೆರಾದಲ್ಲಿ ತೆಗೆದ ಎಂಟಿಎಸ್ ಫೈಲುಗಳಿವೆ. ಜೊತೆಗೆ ವಾಟ್ಸಾಪ್ ತುಣುಕುಗಳು. ಅಜ್ಜಿ ಮಾತಾಡಿದ್ದು ನನ್ನ ಫೋನಿನಲ್ಲಿದೆ, 12 ನಿಮಿಷ. ಎಡಿಟಿಂಗ್‌ಗೆ ಹಾಕಿದರೆ ಬರಬರುತ್ತಾ ತುಟಿ ಒಂದು ಕಡೆ, ದನಿ ಒಂದು ಕಡೆ ಆಗುತ್ತಿದೆ. ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮ್. ಎಲ್ಲರೂ ಡಾವಿಂಚಿ ರಿಸಾಲ್ವ್ ಹಾಕು ಅಂತಾರೆ.

ಉತ್ತರ (ಮದುವೆ ವಿಡಿಯೋ ಎಡಿಟರ್, ಚಿಕ್ಕಬಳ್ಳಾಪುರ): ನೀವು ಶಾಟ್‌ಕಟ್ ಹಾಕಿಕೊಳ್ಳಿ. ಉಚಿತ, ವಾಟರ್‌ಮಾರ್ಕ್ ಬರುವುದಿಲ್ಲ. ಡಾವಿಂಚಿ ಒಳ್ಳೆಯದೇ, ಬಣ್ಣ ತಿದ್ದೋಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದಕ್ಕೆ 16 ಜಿಬಿಯಾದರೂ ಬೇಕು. ಸುಮ್ನೆ ಲ್ಯಾಪ್‌ಟಾಪ್ ಒದ್ದಾಡುತ್ತದೆ.

ದನಿ ಜಾರುವ ತೊಂದರೆ ಸಾಫ್ಟ್‌ವೇರ್ ಬದಲಿಸಿದ ಮಾತ್ರಕ್ಕೆ ಹೋಗಲ್ಲ. ಫೋನು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಅಂತ ತೋರಿಸಿದರೂ ಒಂದೇ ಸಮ ತೆಗೆಯುವುದಿಲ್ಲ. ಹುಳದ ಮನೆಯಂಥ ಕಡಿಮೆ ಬೆಳಕಲ್ಲಿ ಫ್ರೇಮ್ ಕಮ್ಮಿ ಆಗುತ್ತದೆ, ಹೊರಗೆ ಬಂದರೆ ಮತ್ತೆ ಏರುತ್ತದೆ. ದನಿ ಮಾತ್ರ ತನ್ನ ಪಾಡಿಗೆ ಸಮವಾಗಿ ಓಡುತ್ತದೆ. ಎಡಿಟಿಂಗ್‌ನಲ್ಲಿ ಎಲ್ಲ ಸೆಕೆಂಡೂ ಒಂದೇ ಅಂತ ಲೆಕ್ಕ ಹಿಡಿದಾಗ ಎರಡೂ ಬೇರೆಬೇರೆ ಆಗುತ್ತವೆ. ಫೈಲನ್ನು ಮೀಡಿಯಾಇನ್ಫೋ ಅನ್ನೋ, ಫೈಲಿನ ವಿವರ ತೋರಿಸುವ ಸಾಫ್ಟ್‌ವೇರಲ್ಲಿ ತೆರೆದು ನೋಡಿ. ಫ್ರೇಮ್ ರೇಟ್ ಮೋಡ್ ಮುಂದೆ ವೇರಿಯಬಲ್ ಅಂತಿದ್ದರೆ ಇದೇ ಕಾರಣ.

ಆಗ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಫ್ರೇಮ್‌ರೇಟ್ 25, ಪಕ್ಕದಲ್ಲಿ ಕಾನ್‌ಸ್ಟಂಟ್ ಅಂತ ಆರಿಸಿ ಬದಲಾಯಿಸಿಕೊಳ್ಳಿ. 25 ಯಾಕೆ ಅಂದರೆ ನಮ್ಮ ಕಡೆಯ ಮದುವೆ ಡಿವಿಡಿ ಸಾಮಾನ್ಯವಾಗಿ ಪಾಲ್ ಅನ್ನೋ ಟಿವಿ ಪದ್ಧತಿಯದು, ಅಂದರೆ ಚಿತ್ರದ ಅಳತೆ 720x576, ಸೆಕೆಂಡಿಗೆ 25 ಫ್ರೇಮ್. ಚಿಕ್ಕಪ್ಪನ ಕ್ಯಾಮೆರಾ ಇಲ್ಲಿ ಕೊಂಡಿದ್ದಾದರೆ ಅದೂ ಬಹುಶಃ ಸೆಕೆಂಡಿಗೆ 25ರ ಲೆಕ್ಕವೇ. ಫೋನಿನದು 30ರಿಂದ ಇಳಿದಾಗ ಕ್ಯಾಮೆರಾ ತಿರುಗಿಸಿದ ಕಡೆ ಚೂರು ಎಳೆದಂತೆ ಕಾಣಬಹುದು. ಅಜ್ಜಿ ಕೂತು ಮಾತಾಡುವುದಕ್ಕೆ ಏನೂ ಆಗಲ್ಲ.

ಡಿವಿಡಿಯಲ್ಲಿ ಧಾರೆ ಎರೆಯುವ ಜಾಗ ನಿಲ್ಲಿಸಿ ನೋಡಿ. ಕೈ ಆಡಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ, ಅಲ್ವಾ? ಅದು ಇಂಟರ್‌ಲೇಸ್, ಅಂದರೆ ಒಂದೊಂದು ಚಿತ್ರವನ್ನೂ ಗೆರೆ ಬಿಟ್ಟು ಗೆರೆ ಎರಡು ಸಲಕ್ಕೆ ತೆಗೆದಿರುವುದು. ಹ್ಯಾಂಡ್‌ಬ್ರೇಕಲ್ಲೇ ಡಿಇಂಟರ್‌ಲೇಸ್ ಹಾಕಿ. ಎಂಟಿಎಸ್‌ನಲ್ಲೂ ಅದೇ ಗೆರೆ ಇದ್ದರೆ ಅದಕ್ಕೂ ಹಾಕಿ. ಹಳೇ ಚೌಕದ ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ, ಮುಖಗಳೆಲ್ಲ ಊದಿಕೊಂಡಂತೆ ಆಗುತ್ತವೆ. ಎರಡು ಪಕ್ಕ ಕಪ್ಪು ಬಿಟ್ಟರೂ ಪರವಾಗಿಲ್ಲ.

ವಾಟ್ಸಾಪ್‌ನದನ್ನು ಕಳಿಸಿದವರ ಹತ್ತಿರ ಮತ್ತೆ ಕೇಳಿ, ಡಾಕ್ಯುಮೆಂಟ್ ಆಗಿ ಕಳಿಸಲಿ, ಆಗ ಕ್ವಾಲಿಟಿ ಕುಗ್ಗಲ್ಲ.

ಮತ್ತೆ ಪ್ರಶ್ನೆ: ನೋಡಿದೆ ಸರ್, ವೇರಿಯಬಲ್ ಅಂತಲೇ ಇದೆ. ಬದಲಾಯಿಸಿದರೆ ಕ್ವಾಲಿಟಿ ಹೋಗಲ್ವಾ? ಆಮೇಲೆ ಮೂಲ ಫೈಲ್ ಅಳಿಸಬಹುದಾ? ಜಾಗ ಕಮ್ಮಿ ಇದೆ.

ಉತ್ತರ: ಹ್ಯಾಂಡ್‌ಬ್ರೇಕಲ್ಲಿ ಕ್ವಾಲಿಟಿಯ ಅಂಕಿ ಆರ್‌ಎಫ್ ಅಂತಿದೆ, ಅದನ್ನು 18ಕ್ಕೆ ಇಡಿ, ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಮೂಲ ಫೈಲ್ ಮಾತ್ರ ದಯವಿಟ್ಟು ಅಳಿಸಬೇಡಿ. ಬೇಕಾದರೆ ಬದಲಾಯಿಸಿದ್ದನ್ನು ಕೆಲಸ ಮುಗಿದ ಮೇಲೆ ತೆಗೆಯಿರಿ. ಒಂದು ಹೊರಗಿನ ಹಾರ್ಡ್ ಡಿಸ್ಕ್ ತಗೊಂಡು ಮೊದಲು ಆ ಡಿವಿಡಿ ಕಾಪಿ ಮಾಡಿ. ನನ್ನ ಹತ್ತಿರ ಬರುವ ಆ ಕಾಲದ ಎಷ್ಟೋ ಡಿಸ್ಕುಗಳು ಅರ್ಧ ಓಡಿ ನಿಂತುಬಿಡುತ್ತವೆ, ಆಮೇಲೆ ನಾನೂ ಏನೂ ಮಾಡಲಾಗುವುದಿಲ್ಲ. ಇವತ್ತೇ ಮಾಡಿ.