ಅರಸೀಕೆರೆಯ ಮುತ್ತಾತ ಯಾವ ರೈಲ್ವೆಯವರು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮುತ್ತಾತ ಅರಸೀಕೆರೆಯಲ್ಲಿ ಪಾಯಿಂಟ್ಸ್‌ಮನ್ (ರೈಲು ಹಳಿ ಬದಲಿಸುವ ಕೆಲಸಗಾರ) ಆಗಿದ್ದರು. 1930ರ ಸುಮಾರಿಗೆ ಸೇರಿ 1955ರಲ್ಲಿ ನಿವೃತ್ತರಾದರಂತೆ. ‘ಅಪ್ಪ ಇದ್ದದ್ದು ಮಹಾರಾಜರ ರೈಲಿನಲ್ಲಿ’ ಎನ್ನುತ್ತಾರೆ ಅಜ್ಜಿ. ಆದರೆ ಮನೆಯಲ್ಲಿ ಉಳಿದಿರುವ ಹಿತ್ತಾಳೆಯ ಬೆಲ್ಟ್ ಬಿಲ್ಲೆಯ ಮೇಲೆ ‘ಎಂ ಅಂಡ್ ಎಸ್‌ಎಂ’ ಎಂದಿದೆ. ಅವರ ಸೇವಾ ದಾಖಲೆಯನ್ನು ಎಲ್ಲಿ ಹುಡುಕಲಿ?

ಉತ್ತರ (ರೈಲ್ವೆ ಸಿಬ್ಬಂದಿ ಶಾಖೆಯ ನಿವೃತ್ತ ಅಧೀಕ್ಷಕ): ಅಜ್ಜಿಯ ಮಾತೂ ನಿಜ, ಬಿಲ್ಲೆಯೂ ನಿಜ. ಅರಸೀಕೆರೆ ಇರುವ ಬೆಂಗಳೂರು–ಹರಿಹರ ಮಾರ್ಗ ಮೈಸೂರು ಸಂಸ್ಥಾನದ್ದು, ಆದರೆ ಅದನ್ನು ನಡೆಸುತ್ತಿದ್ದದ್ದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಕಂಪನಿ. 1938ರಲ್ಲಿ ಸಂಸ್ಥಾನವೇ ಅದರ ಆಡಳಿತವನ್ನು ವಹಿಸಿಕೊಂಡಿತು. 1951ರ ಏಪ್ರಿಲ್‌ನಲ್ಲಿ ಸಂಸ್ಥಾನದ ರೈಲ್ವೆ, ಎಂ ಅಂಡ್ ಎಸ್‌ಎಂ ರೈಲ್ವೆ ಎರಡೂ ದಕ್ಷಿಣ ರೈಲ್ವೆಯಲ್ಲಿ ವಿಲೀನವಾದವು. ಅಂದರೆ ನಿಮ್ಮ ಮುತ್ತಾತ ಒಂದೇ ಸ್ಟೇಷನ್ನಿನಲ್ಲಿ ನಿಂತು ಮೂವರು ಯಜಮಾನರನ್ನು ಕಂಡಿರಬೇಕು. ಯಾವ ವರ್ಷ ಯಾರ ಕೈಕೆಳಗಿದ್ದರು ಎಂಬುದು ತಿಳಿಯದೆ ಹುಡುಕಹೊರಟರೆ ತಪ್ಪು ಕಚೇರಿಯ ಬಾಗಿಲು ತಟ್ಟುತ್ತೀರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೈಲ್ವೆ ಕಾಗದ ಇಟ್ಟುಕೊಂಡದ್ದು ನೆನಪಿಗಾಗಿ ಅಲ್ಲ, ಹಣದ ಲೆಕ್ಕಕ್ಕಾಗಿ. ಲೆಕ್ಕ ಚುಕ್ತಾ ಆಗಿ ಅವಧಿ ಮುಗಿದ ಮೇಲೆ ಕಡತಗಳನ್ನು ವಿಲೇವಾರಿ ಮಾಡುತ್ತಾರೆ. ರೈಲ್ವೆಗೆ ಪಿಂಚಣಿ ಪದ್ಧತಿ ಬಂದದ್ದು 1957ರಲ್ಲಿ. 1955ರಲ್ಲಿ ನಿವೃತ್ತರಾದವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಭವಿಷ್ಯ ನಿಧಿಯ ಇಡಿಗಂಟು. ಆದ್ದರಿಂದ ಪಿಂಚಣಿ ಕಡತದ ಆಸೆ ಬಿಡಿ. ಮೊದಲು ಮನೆಯ ಹಳೆಯ ಟ್ರಂಕು ತೆರೆಯಿರಿ. ಪಿ.ಎಫ್. ಚೀಟಿ, ವರ್ಗಾವಣೆ ಆದೇಶ, ಪಾಸಿನ ತುಂಡು, ಯಾವುದಾದರೂ ಸರಿ. ಖಾತೆ ಸಂಖ್ಯೆಯೊಂದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಅರಸೀಕೆರೆ ಈಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ಅಲ್ಲಿನ ಸಿಬ್ಬಂದಿ ಶಾಖೆಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ‘ದಾಖಲೆ ಕೊಡಿ’ ಎಂದಷ್ಟೇ ಬರೆದರೆ ‘ಲಭ್ಯವಿಲ್ಲ’ ಎಂಬ ಒಂದು ಸಾಲು ಬರುತ್ತದೆ. ನಾನೇ ಅಂಥ ಸಾಲುಗಳನ್ನು ಬೇಕಾದಷ್ಟು ಟೈಪು ಮಾಡಿಸಿದ್ದೇನೆ. ಆ ಅವಧಿಯ ಸರ್ವಿಸ್ ರಿಜಿಸ್ಟರು, ಸೀನಿಯಾರಿಟಿ ಪಟ್ಟಿಗಳು ಇವೆಯೇ, ಬೇರೆ ಕಚೇರಿಗೆ ಕಳುಹಿಸಿದ್ದರೆ ಎಲ್ಲಿಗೆ, ನಾಶಪಡಿಸಿದ್ದರೆ ಆ ಆದೇಶದ ಪ್ರತಿ ಎಲ್ಲಿ ಎಂದು ಬಿಡಿಬಿಡಿಯಾಗಿ ಕೇಳಿ.

ಸಂಸ್ಥಾನದ ಕಾಲದ ರೈಲ್ವೆ ಕಡತಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹುಡುಕಬಹುದು. ಆದರೆ ಅಂಥ ಕಡತಗಳಲ್ಲಿ ಹೆಚ್ಚಾಗಿ ಕಾಣುವುದು ಮಾರ್ಗ, ಜಮೀನು, ಅಧಿಕಾರಿಗಳ ನೇಮಕದ ವಿಚಾರ. ಪಾಯಿಂಟ್ಸ್‌ಮನ್ ಹೆಸರು ಅಲ್ಲಿ ಸಿಕ್ಕರೆ ಅದು ನಿಮ್ಮ ಅದೃಷ್ಟ.

ಇನ್ನೊಬ್ಬ ಸದಸ್ಯೆ: ನಮ್ಮ ತಾತ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎಲ್ಲವೂ ಇದೆಯಂತೆ, ಹೌದೇ?

ಉತ್ತರ: ಎಲ್ಲವೂ ಇಲ್ಲ ತಾಯಿ. ಅಲ್ಲಿ ಸಿಗುವುದು ಮುಖ್ಯವಾಗಿ ಇಂಗ್ಲೆಂಡಿನಿಂದ ನೇಮಕಗೊಂಡು ಬಂದವರ ವಿವರ. ನಿಮ್ಮ ತಾತನವರಿಗೆ ವರ್ಕ್‌ಶಾಪಿನ ಸಿಬ್ಬಂದಿ ಕಚೇರಿಯೇ ಗತಿ. ಅವರ ಟಿಕೆಟ್ ನಂಬರ್, ಅಂದರೆ ವರ್ಕ್‌ಶಾಪಿನ ಕಾರ್ಮಿಕರ ಗುರುತಿನ ಸಂಖ್ಯೆ, ಹುಡುಕಿಡಿ. ಹುಬ್ಬಳ್ಳಿ 1951ರಲ್ಲಿ ದಕ್ಷಿಣ ರೈಲ್ವೆಗೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ, 2003ರಲ್ಲಿ ನೈಋತ್ಯ ರೈಲ್ವೆಗೆ ಸೇರಿತು. ಹೀಗೆ ಮನೆ ಬದಲಿಸುವಾಗ ಪಾತ್ರೆಯೇ ಕಳೆದುಹೋಗುತ್ತದೆ, ಕಾಗದ ಯಾವ ಲೆಕ್ಕ?

ಮೊದಲ ಪ್ರಶ್ನೆ ಕೇಳಿದವರು: ಸರ್, ಟ್ರಂಕಿನಲ್ಲಿ ಪಿ.ಎಫ್. ಚೀಟಿ ಸಿಕ್ಕಿತು! ಆದರೆ ಹೆಸರಿನ ಕೊನೆಯಲ್ಲಿ ‘ಅಯ್ಯ’ ಹೋಗಿ ‘ಅಪ್ಪ’ ಆಗಿದೆ. ಇನ್ನೊಂದು ಕಾಗದದಲ್ಲಿ ಹುಟ್ಟಿದ ವರ್ಷ ಜಾತಕಕ್ಕಿಂತ ಮೂರು ವರ್ಷ ಈಚಿನದು.

ಉತ್ತರ: ಗಾಬರಿಯಾಗಬೇಡಿ. ಗುಮಾಸ್ತನ ಕಿವಿಗೆ ಬಿದ್ದದ್ದೇ ಹೆಸರು, ಸೇರುವಾಗ ಬರೆಸಿದ್ದೇ ವಯಸ್ಸು. ತಂದೆಯ ಹೆಸರು ಮತ್ತು ಊರು ತಾಳೆಯಾಗುತ್ತವೆಯೇ ನೋಡಿ. ಅರ್ಜಿಯಲ್ಲಿ ಚೀಟಿಯಲ್ಲಿರುವ ಹಾಗೆಯೇ ಬರೆಯಿರಿ, ತಿದ್ದಬೇಡಿ. ಜೆರಾಕ್ಸ್ ಪ್ರತಿ ಲಗತ್ತಿಸಿ. ಮೂಲ ಚೀಟಿಯನ್ನು ಯಾರು ಕೇಳಿದರೂ ಕೊಡಬೇಡಿ.