ಪರ್ವತ ಗೊರಿಲ್ಲಾ ಛಾಯಾಗ್ರಹಣ: 200-500 ಲೆನ್ಸ್ ಒಯ್ಯಬೇಕೆ, 70-200 ಸಾಕೆ?

ಪ್ರಶ್ನೆ: ಕೆಲಗೇರಿ ದಂಡೆ, ಧಾರವಾಡ

ನಮಸ್ಕಾರ. ಬರುವ ಜುಲೈನಲ್ಲಿ ಪರ್ವತ ಗೊರಿಲ್ಲಾಗಳನ್ನು ನೋಡಲು ಉಗಾಂಡದ ಬ್ವಿಂಡಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದು ನಿಶ್ಚಯವಾಗಿದೆ. ನನ್ನ ಬಳಿ ನಿಕಾನ್ ಡಿ7500 ಕ್ಯಾಮೆರಾ, ಅದರೊಂದಿಗೆ ಬಂದ 18-140 ಲೆನ್ಸ್, ಮತ್ತು ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ಹಾಗೂ ರಾಣೇಬೆನ್ನೂರಿನ ಕೃಷ್ಣಮೃಗಗಳಿಗೆಂದು ಕೊಂಡ 200-500 ಮಿ.ಮೀ. ಎಫ್ 5.6 ಲೆನ್ಸ್ ಇವೆ. ಪರವಾನಗಿಯೊಂದಕ್ಕೇ 800 ಡಾಲರ್ ತೆತ್ತಿರುವುದರಿಂದ ಹೊಸ ಲೆನ್ಸ್ ಕೊಳ್ಳುವ ಯೋಚನೆ ಇಲ್ಲ. ಇರುವ ದೊಡ್ಡ ಲೆನ್ಸ್ ಸಾಕಾಗುವುದೇ? ಟ್ರೈಪಾಡ್ ಮತ್ತು ಫ್ಲ್ಯಾಶ್ ಬೇಕಾಗುವುದೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ಉಣಕಲ್ ನಿವಾಸಿ, ಹುಬ್ಬಳ್ಳಿ

ನಿಮ್ಮ ದೊಡ್ಡ ಲೆನ್ಸ್ ಹೆಬ್ಬಾತುಗಳಿಗೆ ಎಷ್ಟು ಯೋಗ್ಯವೋ ಗೊರಿಲ್ಲಾಗಳಿಗೆ ಅಷ್ಟೇ ಅಯೋಗ್ಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಾಗಡಿಯಲ್ಲಿ ಬೆಳಕು ಧಾರಾಳವಾಗಿರುತ್ತದೆ, ಹಕ್ಕಿ ದೂರವಿರುತ್ತದೆ. ಬ್ವಿಂಡಿಯಲ್ಲಿ ಪ್ರಾಣಿ ಹತ್ತಿರವಿರುತ್ತದೆ, ಬೆಳಕೇ ಇರುವುದಿಲ್ಲ. ಅಲ್ಲಿನ ನಿಯಮದಂತೆ ನೀವು ಗೊರಿಲ್ಲಾದಿಂದ 10 ಮೀಟರ್ ದೂರ ನಿಲ್ಲಬೇಕು, ಆದರೆ ಮರಿಗಳು ಆ ನಿಯಮವನ್ನು ಓದಿರುವುದಿಲ್ಲವಾದ್ದರಿಂದ ಅವು ತಾವಾಗಿಯೇ ಇನ್ನೂ ಹತ್ತಿರ ಬಂದುಬಿಡುವುದುಂಟು. 10 ಮೀಟರ್ ದೂರದಿಂದ ನಿಮ್ಮ ಕ್ಯಾಮೆರಾದಲ್ಲಿ 500 ಮಿ.ಮೀ.ಗೆ ಸಿಗುವ ಚೌಕಟ್ಟಿನ ಅಗಲ ಅರ್ಧ ಮೀಟರಿಗೂ ಕಡಿಮೆ, ಅಂದರೆ ಮುಖ ಮಾತ್ರ. 200ಕ್ಕೆ ಸುಮಾರು 1.2 ಮೀಟರ್, ಎಂದರೆ ಎದೆಯ ಮಟ್ಟದ ಚಿತ್ರ. 70ಕ್ಕೆ 3 ಮೀಟರಿಗೂ ಹೆಚ್ಚು, ತಾಯಿ ಮರಿಗಳೆರಡೂ ಕೂತಿರುವ ದೃಶ್ಯ. ನಿಮಗೆ ಬೇಕಾಗುವುದೆಲ್ಲ ಈ 70 ಮತ್ತು 200ರ ನಡುವೆಯೇ ಇದೆ. ಮೇಲಾಗಿ ಎಫ್ 2.8 ಲೆನ್ಸ್ ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುವುದರಿಂದ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 12800ಕ್ಕೆ ಏರಿಸಬೇಕಾದ ಕಡೆ 3200ರಲ್ಲಿಯೇ ಕೆಲಸ ಮುಗಿಯುತ್ತದೆ.

ಕೊಳ್ಳುವ ಅಗತ್ಯವಂತೂ ಇಲ್ಲ. 70-200 ಎಫ್ 2.8 ಎಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಮದುವೆ ಛಾಯಾಗ್ರಾಹಕರ ದಿನನಿತ್ಯದ ಲೆನ್ಸ್. ಜುಲೈ ಎಂದರೆ ಬಹುಮಟ್ಟಿಗೆ ಆಷಾಢ, ಮುಹೂರ್ತಗಳಿಲ್ಲದ ಕಾಲ. ಸ್ಟುಡಿಯೋಗಳಲ್ಲಿ ಅವು ಸುಮ್ಮನೆ ಕೂತಿರುತ್ತವೆ. ಅದೇ ತಿಂಗಳು ಉಗಾಂಡದಲ್ಲಿ ಮಳೆ ಕಡಿಮೆಯಿರುವ ಕಾಲವೂ ಹೌದು. ಪರಿಚಯದವರಲ್ಲಿ ಬಾಡಿಗೆಗೆ ಕೇಳಿರಿ. ಆದರೆ ಈಗ ಹಲವರು ಮಿರರ್‌ಲೆಸ್‌ಗೆ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಬದಲಾಗಿರುವುದರಿಂದ ಅದರ ಝಡ್ ಮೌಂಟಿನ (ಲೆನ್ಸ್ ಕೂಡಿಸುವ ಬಾಯಿ) ಲೆನ್ಸ್ ಕೊಟ್ಟಾರು. ಅದು ನಿಮ್ಮ ಕ್ಯಾಮೆರಾಕ್ಕೆ ಕೂಡುವುದೇ ಇಲ್ಲ, ಎಫ್ ಮೌಂಟಿನದೇ ಆಗಬೇಕು. ಮದುವೆ ಮಂಟಪಗಳಲ್ಲಿ ಪೆಟ್ಟು ತಿಂದ ಲೆನ್ಸುಗಳ ಫೋಕಸ್ ಕೆಲವೊಮ್ಮೆ ಮುಂದೆ ಹಿಂದೆ ಆಗಿರುತ್ತದೆ, ಆದ್ದರಿಂದ ಒಂದು ವಾರ ಮೊದಲೇ ತಂದು ಪರೀಕ್ಷಿಸಿ, ಬೇಕಿದ್ದರೆ ಕ್ಯಾಮೆರಾದ ಎಎಫ್ ಫೈನ್ ಟ್ಯೂನ್ ಎಂಬ ಫೋಕಸ್ ತಿದ್ದುವ ಆಯ್ಕೆಯಲ್ಲಿ ಸರಿಪಡಿಸಿಕೊಳ್ಳಿರಿ.

ಫ್ಲ್ಯಾಶ್ ನಿಷಿದ್ಧ. ಟ್ರೈಪಾಡ್ ಮನೆಯಲ್ಲಿಯೇ ಇರಲಿ. ಕಡಿದಾದ ಕೆಸರು ದಾರಿಯಲ್ಲಿ, ಒಂದೇ ಗಂಟೆಯ ಭೇಟಿಯಲ್ಲಿ, ಅದನ್ನು ಹೂಡುವಷ್ಟರಲ್ಲಿ ಗೊರಿಲ್ಲಾ ಎದ್ದು ಹೋಗಿರುತ್ತದೆ.

ಉತ್ತರ 2: ಬೆಟಗೇರಿ ಓದುಗ, ಗದಗ

ಮೇಲಿನವರ ಮಾತನ್ನು ಒಪ್ಪಿದರೂ ಒಂದು ತಿದ್ದುಪಡಿ ಬೇಕು. ಬ್ವಿಂಡಿಗೆ ಹೋದವರು ಸಾಮಾನ್ಯವಾಗಿ ಕ್ವೀನ್ ಎಲಿಜಬೆತ್ ಉದ್ಯಾನವನ್ನೂ ನೋಡುತ್ತಾರೆ. ಅದರ ಇಶಾಶಾ ಭಾಗದಲ್ಲಿ ಮರವೇರಿ ಮಲಗುವ ಸಿಂಹಗಳಿವೆ, ಅಲ್ಲಿ ವಾಹನದಿಂದ ಕೆಳಗಿಳಿಯುವಂತಿಲ್ಲ. ನಿಮ್ಮ ಪ್ರವಾಸದಲ್ಲಿ ಅದು ಸೇರಿದ್ದರೆ 200-500 ಅನ್ನು ಒಯ್ಯಿರಿ, ಗೊರಿಲ್ಲಾ ದಿನದಂದು ಮಾತ್ರ ವಸತಿಯಲ್ಲಿ ಬಿಡಿರಿ. ಹೆಚ್ಚುವರಿ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ಇಡಬೇಕು.

ಪ್ರಶ್ನಿಸಿದವರ ಮರುಮಾತು: ಕೆಲಗೇರಿ ದಂಡೆ

ಇಬ್ಬರಿಗೂ ಧನ್ಯವಾದಗಳು. ಇಶಾಶಾ ನಮ್ಮ ಪಟ್ಟಿಯಲ್ಲಿದೆ, ಹಾಗಾಗಿ ಎರಡೂ ಲೆನ್ಸ್ ಒಯ್ಯುವೆ. ಇನ್ನೊಂದು ಅಳುಕು: ಕಪ್ಪು ಬಣ್ಣದ ಪ್ರಾಣಿಯನ್ನು ನೆರಳಿನಲ್ಲಿ ತೆಗೆದಾಗ ನನ್ನ ಚಿತ್ರಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ.

ಉತ್ತರ 3: ಹಾನಗಲ್ ಛಾಯಾಸಕ್ತ, ಹಾವೇರಿ ಜಿಲ್ಲೆ

ಚೌಕಟ್ಟು ತುಂಬ ಕಪ್ಪೇ ಇದ್ದಾಗ ಕ್ಯಾಮೆರಾದ ಮೀಟರ್ ಅದನ್ನು ನಡುಬಣ್ಣದ ಬೂದಿಯನ್ನಾಗಿಸಲು ಹವಣಿಸಿ ಹೆಚ್ಚು ಬೆಳಕು ಕೊಡುತ್ತದೆ, ಇದರಿಂದ ಶಟರ್ ವೇಗವೂ ಅನಗತ್ಯವಾಗಿ ಕುಸಿಯುತ್ತದೆ. ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನು ಮೈನಸ್ 0.7ರಿಂದ 1ರವರೆಗೆ ಇಟ್ಟು ಆರಂಭಿಸಿರಿ. ಆದರೆ ಎಲೆಗಳ ಸಂದಿಯಿಂದ ಬಿಳಿಯ ಆಕಾಶ ಇಣುಕುವ ಜಾಗದಲ್ಲಿ ಇದೇ ಲೆಕ್ಕ ತಲೆಕೆಳಗಾಗುತ್ತದೆ, ಅಲ್ಲಿ ಪ್ಲಸ್ ಕಡೆಗೆ ಹೋಗಬೇಕು ಅಥವಾ ಆಕಾಶ ಬಾರದ ಕೋನವನ್ನು ಹುಡುಕಬೇಕು. ಚಿತ್ರಗಳನ್ನು ರಾ (ಕ್ಯಾಮೆರಾ ಸಂಸ್ಕರಿಸದ) ಸ್ವರೂಪದಲ್ಲಿಯೇ ತೆಗೆಯಿರಿ.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ನಿಮ್ಮ ಊರಿನ ಧಾರವಾಡಿ ಎಮ್ಮೆಗಿಂತ ಒಳ್ಳೆಯ ರೂಪದರ್ಶಿ ಸಿಗಲಾರದು. ಮೋಡ ಕವಿದ ಸಂಜೆ, ಹುಣಸೆ ಮರದ ಕೆಳಗೆ ಕಟ್ಟಿದ ಎಮ್ಮೆಯ ಕಣ್ಣಿಗೆ ಒಂದೇ ಬಿಂದುವಿನಿಂದ ಫೋಕಸ್ ಮಾಡಿ, ಎಫ್ 2.8, ಶಟರ್ 1/250ರಲ್ಲಿ ತೆಗೆದು ನೋಡಿರಿ. ಕಪ್ಪು ಕೂದಲ ಮೇಲೆ ಫೋಕಸ್ ಹಿಡಿಯದೆ ತಡಕಾಡುವುದು ಅಲ್ಲಿಯೇ ಅನುಭವಕ್ಕೆ ಬರುತ್ತದೆ. ಹೊಳೆಯುವ ಕಣ್ಣು ಅಥವಾ ತೇವದ ಮೂಗಿನ ಅಂಚನ್ನು ಹಿಡಿದರೆ ಆ ತಡಕಾಟ ಕೂಡಲೇ ನಿಲ್ಲುತ್ತದೆ. ಬ್ವಿಂಡಿಯಲ್ಲಿ ಮಾಸ್ಕ್ ಕಡ್ಡಾಯವಾಗಿದ್ದು, ನಿಮ್ಮ ಉಸಿರಿನಿಂದ ವ್ಯೂಫೈಂಡರ್ ಮಸುಕಾಗುವುದರಿಂದ, ಎಮ್ಮೆಯ ಮುಂದೆ ನಿಂತಾಗಲೂ ಮಾಸ್ಕ್ ಧರಿಸಿಯೇ ಅಭ್ಯಾಸ ಮಾಡಿರಿ. ಎಮ್ಮೆಯ ಮಾಲೀಕರು ಕಾರಣ ಕೇಳಿದರೆ ಏನು ಹೇಳುವುದೆಂಬುದನ್ನು ನಿಮಗೇ ಬಿಟ್ಟಿದ್ದೇನೆ.